ಆರು ಗಂಟೆಯ ಪಟ್ಟಿಯಲ್ಲಿ ಸೋದರಮಾವ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ಪೇಟೆಗಳಲ್ಲಿ ಒಂದು ನನ್ನದು. ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ, ಉಳಿದ ಎರಡು ಊರಿನವರು ನಮ್ಮಲ್ಲಿ ಹಾಗಿರಲಿಲ್ಲ ಎಂದು ಬೀಗುತ್ತಾರೆ. ಎರಡನ್ನೂ ಸಹಿಸುವ ತಾಳ್ಮೆ ನನಗಿಲ್ಲ.

ಕೊರೊನಾದ ಎರಡನೇ ಅಲೆ ಬಂದಾಗ ನಮ್ಮ ಪೇಟೆಯ ಆಡಳಿತದವರು ವಾರ್ಡಿಗೊಂದು ವಾಟ್ಸಾಪ್ ಗುಂಪು ಮಾಡಿದರು. ಪ್ರತಿದಿನ ಸಂಜೆ ಆರು ಗಂಟೆಗೆ ಸರಿಯಾಗಿ ಅದರಲ್ಲಿ ಒಂದು ಪ್ರಕಟಣೆ ಬರುತ್ತಿತ್ತು. ಹೊಸ ಸೋಂಕಿತರು, ಗುಣಮುಖರಾದವರು, ಮೃತರು, ಸೀಲ್‌ಡೌನ್ ಆದ ಮನೆಗಳು. ಕೊನೆಯಲ್ಲಿ 'ಸಾರ್ವಜನಿಕರು ಭಯಭೀತರಾಗದೆ ಸಹಕರಿಸಬೇಕಾಗಿ ಈ ಮೂಲಕ ಕೋರಲಾಗಿದೆ'. ಇಪ್ಪತ್ತೈದು ವರ್ಷದಿಂದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿರುವ ನನಗೂ ಆ ಕನ್ನಡವನ್ನು ಎರಡೆರಡು ಸಲ ಓದಬೇಕಾಗುತ್ತಿತ್ತು. ಗುಂಪಿನಲ್ಲಿ ನಾವು ಓದಬಹುದಿತ್ತು, ಬರೆಯುವ ಹಾಗಿರಲಿಲ್ಲ. ಅಡ್ಮಿನ್‌ಗಳಿಗೆ ಮಾತ್ರ ಅನುಮತಿ. ಹೇಳುವುದು ಅವರ ಕೆಲಸ, ಕೇಳುವುದು ನಮ್ಮ ಕೆಲಸ ಎಂದು ಮೊದಲ ದಿನವೇ ತೀರ್ಮಾನವಾಗಿತ್ತು.

ಮನೆಯಲ್ಲಿ ಇದ್ದದ್ದು ನಾನು ಮತ್ತು ಎಪ್ಪತ್ತೆಂಟು ವರ್ಷದ ಅಮ್ಮ. ಅಮ್ಮನಿಗೆ ಮೊಬೈಲಿನ ಅಕ್ಷರ ಕಾಣುವುದಿಲ್ಲ. ಹಾಗಾಗಿ ಆರು ಗಂಟೆಗೆ ಚಾವಡಿಯಲ್ಲಿ ಕೂತು ನಾನು ಗಟ್ಟಿಯಾಗಿ ಓದಬೇಕು. ಮೊದಮೊದಲು ಅದು ನಮಗೆ ಧಾರಾವಾಹಿ ನೋಡಿದಷ್ಟೇ ಹಿತವಾಗಿತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಹೆಸರು ಹಾಕುತ್ತಿರಲಿಲ್ಲ, ವಾರ್ಡು ಮತ್ತು ವಯಸ್ಸು ಮಾತ್ರ. ಆದರೆ ನಲುವತ್ತೊಂಬತ್ತು ವರ್ಷದ ಮಹಿಳೆ ಎಂದರೆ ಯಾರು ಎಂದು ಅಮ್ಮ ಅರೆಗಳಿಗೆಯಲ್ಲಿ ಹೇಳಿಬಿಡುತ್ತಿದ್ದಳು, ಆಕೆಗೆ ಯಾರಿಂದ ಬಂದಿರಬಹುದು ಎಂಬುದನ್ನೂ ಸೇರಿಸಿ.

ಇನ್ನು ನನ್ನ ಸೋದರಮಾವನ ವಿಷಯ. ಅವರು ಅಮ್ಮನ ಒಬ್ಬನೇ ತಮ್ಮ, ಅಮ್ಮನಿಗಿಂತ ಹನ್ನೆರಡು ವರ್ಷ ಚಿಕ್ಕವರು. ಅಜ್ಜಿಗೆ ಆರೋಗ್ಯ ಸರಿಯಿಲ್ಲದ ಕಾರಣ ಅಮ್ಮನೇ ಸೊಂಟದಲ್ಲಿ ಎತ್ತಿಕೊಂಡು ಬೆಳೆಸಿದ್ದು. ನಮ್ಮಲ್ಲಿ ಮನೆತನ ತಾಯಿಯ ಕಡೆಯಿಂದ ಬರುತ್ತದೆ. ಗಂಡಸು ಮದುವೆಯಾಗಿ ಹೆಂಡತಿಯ ಮನೆಯಲ್ಲೇ ಇದ್ದುಬಿಟ್ಟರೂ ಅವನು ತಾಯಿ ಮನೆಯವನೇ. ಮಾವನೂ ಹಾಗೆಯೇ. ಮುಂಡಾಜೆ ದಾಟಿ ಒಳದಾರಿಯಲ್ಲಿ ಇನ್ನೂ ಸ್ವಲ್ಪ ದೂರ ಹೋದರೆ ಸಿಗುವ ಹಳ್ಳಿಯಲ್ಲಿ, ಅತ್ತೆಯ ಮನೆಯಲ್ಲಿ, ಮೂವತ್ತೈದು ವರ್ಷದಿಂದ ಇದ್ದರು. ಮಕ್ಕಳಿಲ್ಲ. ಆದರೆ ಓಟರ್ ಕಾರ್ಡಿನಲ್ಲಿ, ಆಧಾರಿನಲ್ಲಿ, ಬ್ಯಾಂಕಿನ ಪುಸ್ತಕದಲ್ಲಿ ಇದ್ದದ್ದು ನಮ್ಮ ಮನೆಯ ವಿಳಾಸ. ಪ್ರತಿ ಚುನಾವಣೆಗೆ ಎರಡು ಬಸ್ಸು ಬದಲಿಸಿ ಬಂದು, ಓಟು ಹಾಕಿ, ಅಮ್ಮ ಮಾಡಿದ ಮೀನಿನ ಗಸಿ ಉಂಡು ಹೋಗುತ್ತಿದ್ದರು. ವಿಳಾಸ ಬದಲಿಸಿಕೊಳ್ಳಿ ಎಂದು ಅತ್ತೆ ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದರು. "ಅಕ್ಕನಿಗೆ ಬೇಜಾರಾಗ್ತದೆ" ಎಂಬುದು ಮಾವನ ಉತ್ತರ.

ಒಂದು ಬೆಳಿಗ್ಗೆ ಯಾರದೋ ಮೊಬೈಲಿನಿಂದ ಮಾವನ ಫೋನು ಬಂತು. ಮೂರು ದಿನದಿಂದ ಜ್ವರ, ಅಲ್ಲಿಯ ಆರೋಗ್ಯ ಕೇಂದ್ರಕ್ಕೆ ಪರೀಕ್ಷೆಗೆ ಬಂದಿದ್ದಾರೆ, ಆಧಾರ್ ಕೊಟ್ಟಿದ್ದಾರೆ. ಅವರ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ, ಇರುವುದು ಲ್ಯಾಂಡ್‌ಲೈನು.

"ಮಗಾ, ನಿನ್ನ ನಂಬರ್ ಕೊಟ್ಟಿದ್ದೇನೆ. ಒಟಿಪಿ ಬರ್ತದಂತೆ, ಹೇಳು" ಎಂದರು.

ಬಂದದ್ದನ್ನು ನಾನು ಹೇಳಿದೆ. ದೊಡ್ಡ ಉಪಕಾರ ಮಾಡಿದೆ ಎಂಬ ಸಮಾಧಾನವೂ ಆಯಿತು. ವಿಳಾಸ ನಮ್ಮದು, ನಂಬರು ನನ್ನದು, ಜ್ವರ ಮಾತ್ರ ಅಲ್ಲಿ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಮಕ್ಕಳ ಪರೀಕ್ಷೆಯ ಪೇಪರಿನಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಹಿಡಿಯುವವಳು ನಾನು!

ಎರಡು ದಿನ ಬಿಟ್ಟು ಆರು ಗಂಟೆಯ ಪ್ರಕಟಣೆ ಓದುತ್ತಿದ್ದೆ. ನಮ್ಮ ವಾರ್ಡು, ಅರವತ್ತಾರು ವರ್ಷದ ಪುರುಷ, ಸೋಂಕು ದೃಢ, ಮನೆ ಸೀಲ್‌ಡೌನ್.

"ಅರವತ್ತಾರು ಯಾರು ನಮ್ಮಲ್ಲಿ?" ಎಂದು ಅಮ್ಮ ಲೆಕ್ಕ ಹಾಕತೊಡಗಿದಳು. ಅವಳಿಗೆ ಅದೊಂದು ಸಲ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ನಾನು ಬಾವಿಕಟ್ಟೆಯ ಬಳಿ ಬಟ್ಟೆ ಒಗೆಯುತ್ತಿದ್ದಾಗ ಗೇಟಿನ ಬಳಿ ಜೀಪು ನಿಂತಿತು. ಕೈ ತೊಳೆದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಕಚೇರಿಯಿಂದ ಬಂದವರು ಮಾವನ ಹೆಸರು ಓದಿ, ಇವರು ಈ ಮನೆಯವರಾ ಎಂದು ಕೇಳಿದ್ದಾರೆ. ಅಮ್ಮ ಚಾವಡಿಯ ಕಂಬ ಹಿಡಿದು ಎದ್ದು ನಿಂತು, "ಹೌದು, ಈ ಮನೆಯವನೇ. ನನ್ನ ತಮ್ಮ" ಎಂದಿದ್ದಾಳೆ. ಅವರು ಬರೆದುಕೊಂಡಿದ್ದಾರೆ. ನಾನು ಬಂದಾಗ ಗೇಟಿಗೆ ಕೆಂಪು ಬಿಳಿ ಪಟ್ಟಿ ಕಟ್ಟಿ, ಕಾಗದ ಅಂಟಿಸುತ್ತಿದ್ದರು.

"ಅವರು ಇಲ್ಲಿ ಇಲ್ಲ, ಮಾರಾಯ್ರೆ! ಕಳೆದ ದೀಪಾವಳಿಗೆ ಬಂದು ಹೋದವರು" ಎಂದೆ.

"ಅಮ್ಮನೇ ಹೌದು ಅಂತ ಹೇಳಿದ್ರಲ್ಲ ಮೇಡಂ. ನೀವು ಸಹಕಾರ ಕೊಡಬೇಕು" ಎಂದ ಅಂಟು ಹಚ್ಚುತ್ತಿದ್ದವನು. ಕಂಪೌಂಡಿನ ಮೇಲೆ ಒಂದು ಪೊಟ್ಟಣ ಇಟ್ಟು ಹೋದರು. ಜ್ವರದ ಮಾತ್ರೆ, ವಿಟಮಿನ್ ಮಾತ್ರೆ, ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಪುಟ್ಟ ಯಂತ್ರ. ಪೊಟ್ಟಣದ ಮೇಲೆ ಮಾವನ ಹೆಸರು. ಮಾವ ಇದ್ದದ್ದು ಅಲ್ಲಿಂದ ಒಂದೂವರೆ ಗಂಟೆಯ ದಾರಿಯಾಚೆ.

ಅತ್ತೆಗೆ ಫೋನು ಮಾಡಿದೆ. ಜ್ವರ ಬಿಟ್ಟಿರಲಿಲ್ಲ, ಕೆಮ್ಮು ಸುರುವಾಗಿತ್ತು. ಅಲ್ಲಿಯ ಆಶಾ ಕಾರ್ಯಕರ್ತೆ ತಾನೇ ಸೋಂಕು ತಗುಲಿ ಮನೆಯಲ್ಲಿ ಮಲಗಿದ್ದಳು. ಪಕ್ಕದ ವಾರ್ಡಿನವಳು ಅಂಗಳದಾಚೆ ನಿಂತು, "ನಮ್ಮ ಪಂಚಾಯತಿನ ಪಟ್ಟಿಯಲ್ಲಿ ಇವರ ಹೆಸರು ಇಲ್ಲ ಅಕ್ಕ. ಪಟ್ಟಿಯಲ್ಲಿ ಇದ್ದವರಿಗೇ ಕಿಟ್ ಸಾಲುವುದಿಲ್ಲ" ಎಂದು ಹೇಳಿ ಹೋದಳಂತೆ. ಅವಳನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಉಳಿದವರನ್ನು ಧಾರಾಳವಾಗಿ ಬೈಯುತ್ತೇನೆ.

ನನಗೆ ಪ್ರತಿದಿನ ಹತ್ತು ಗಂಟೆಗೆ ಒಂದು ಕರೆ ಬರುತ್ತಿತ್ತು. ಯಾವುದೋ ಸಹಾಯವಾಣಿಯ ಹುಡುಗಿ. ಸೋಂಕಿತರಿಗೆ ಇವತ್ತು ಜ್ವರ ಉಂಟಾ, ಆಮ್ಲಜನಕ ಎಷ್ಟು, ರುಚಿ ಗೊತ್ತಾಗುತ್ತದಾ?

"ಅವರು ಇಲ್ಲಿ ಇಲ್ಲ. ಅವರ ಹೆಂಡತಿಯ ಮನೆಯಲ್ಲಿ ಇದ್ದಾರೆ. ಅಲ್ಲಿಗೆ ಯಾರನ್ನಾದರೂ ಕಳುಹಿಸಿ" ಎಂದೆ.

"ಮನೆಯಿಂದ ಹೊರಗೆ ಹೋಗಿದ್ದಾರಾ? ಅದು ಕ್ವಾರಂಟೈನ್ ಉಲ್ಲಂಘನೆ ಆಗ್ತದೆ ಮೇಡಂ."

"ಹೋಗಿ ಮೂವತ್ತೈದು ವರ್ಷ ಆಯಿತು!"

ಹುಡುಗಿ ಕೀಲಿಮಣೆ ಕುಟ್ಟುವ ಸದ್ದು ಕೇಳಿತು. ಆಮೇಲೆ, "ಅದಕ್ಕೆ ಇಲ್ಲಿ ಆಯ್ಕೆ ಇಲ್ಲ ಮೇಡಂ. 'ಆರೋಗ್ಯ ಸ್ಥಿರ' ಅಂತ ಹಾಕ್ತೇನೆ" ಎಂದಳು. ಬೇಡ ಎಂದು ನಾನು ಕಿರುಚುವಾಗ ಕರೆ ಕಡಿದಿತ್ತು. ಅಂದು ಸಂಜೆಯ ಪ್ರಕಟಣೆಯಲ್ಲಿ ಇತ್ತು: ನಮ್ಮ ವಾರ್ಡಿನಲ್ಲಿ ಮನೆ ಆರೈಕೆಯಲ್ಲಿರುವ ಎಲ್ಲರ ಆರೋಗ್ಯವೂ ಸ್ಥಿರ. ಅಮ್ಮ ಕೈಮುಗಿದಳು. "ನೋಡು, ಸರ್ಕಾರದವರೇ ಹೇಳ್ತಾರೆ. ಅವನಿಗೆ ಏನೂ ಆಗುವುದಿಲ್ಲ."

ನನಗೆ ಪಿತ್ತ ನೆತ್ತಿಗೇರಿತು. "ಅವರು ಹೇಳುವುದು ನಾನು ಹೇಳಿದ್ದನ್ನು ತಿರುಚಿ! ನೀನು ಅವತ್ತು ಬಾಯಿ ಮುಚ್ಚಿ ಕೂತಿದ್ದರೆ ಆ ಮಾತ್ರೆ ಆದರೂ ಅವರಿಗೆ ಸಿಗ್ತಿತ್ತು" ಎಂದುಬಿಟ್ಟೆ.

ಅಮ್ಮ ಮುಗಿದ ಕೈಗಳನ್ನು ಮಡಿಲಿಗೆ ಇಳಿಸಿದಳು. ಆಮೇಲೆ ಸಣ್ಣ ಧ್ವನಿಯಲ್ಲಿ, "ನನ್ನ ಬಾಯಿಯಿಂದ ಅವ ಈ ಮನೆಯವ ಅಲ್ಲ ಅಂತ ಹೇಗೆ ಹೇಳಲಿ ಮಗಾ?" ಎಂದು ಕೇಳಿದಳು. ಆ ಮಾತು ಆಡಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪ ಉಂಟು, ಆಡದೆ ಇರಲು ಸಾಧ್ಯವಿತ್ತು ಎಂದೂ ಅನಿಸುವುದಿಲ್ಲ.

ವಾರ್ಡಿನ ಸದಸ್ಯರಿಗೆ ಫೋನು ಮಾಡಿದೆ. "ಮಾಡುವ ಟೀಚರ್, ಮಾಡುವ" ಎಂದರು. ಮರುದಿನವೂ ಅದೇ ಮಾತು. ಗುಂಪಿನ ಅಡ್ಮಿನ್‌ಗಳಿಗೆ ಒಬ್ಬೊಬ್ಬರಿಗಾಗಿ ಬರೆದೆ. ಒಬ್ಬರು ಕೈಮುಗಿದ ಚಿತ್ರ ಕಳುಹಿಸಿದರು, ಇನ್ನೊಬ್ಬರು ಮಾಸ್ಕ್ ಹಾಕುವ ವಿಧಾನದ ವಿಡಿಯೋ. ಆ ಪೊಟ್ಟಣವನ್ನು ಹಳ್ಳಿಗೆ ಕಳುಹಿಸೋಣ ಎಂದರೆ ಸೀಲಾದ ಮನೆಯ ವಸ್ತುವನ್ನು ಮುಟ್ಟುವವರಿಲ್ಲ. ನಮಗೆ ಹಾಲು ತರುವವಳೇ ಗೇಟಿನಿಂದ ಹತ್ತು ಹೆಜ್ಜೆ ದೂರದಲ್ಲಿ ತಂಬಿಗೆ ಇಡಿಸಿಕೊಂಡು, ಮೇಲಿಂದ ಹೊಯ್ದು ಓಡುತ್ತಿದ್ದಳು.

ಸೀಲಾದ ಆರನೇ ದಿನ ಅತ್ತೆಯ ಧ್ವನಿ ಬದಲಾಗಿತ್ತು. "ಮಾತಾಡುವಾಗ ನಿಲ್ಲಿಸಿ ನಿಲ್ಲಿಸಿ ಮಾತಾಡ್ತಾರೆ" ಎಂದರು. ನಾನು ಎರಡು ಮಾಸ್ಕ್ ಹಾಕಿ, ಪಟ್ಟಿಯ ಅಡಿಯಿಂದ ಬಗ್ಗಿ ಹೊರಗೆ ಬಂದು, ಪೇಟೆಯ ಕಚೇರಿಗೆ ನಡೆದೆ. ದಾರಿಯಲ್ಲಿ ಎದುರುಮನೆಯವರು ಕಿಟಕಿ ಹಾಕಿಕೊಂಡ ಸದ್ದು ಕೇಳಿತು. ಕೇಸು ಬೀಳುತ್ತದೆ ಎಂದು ಗೊತ್ತಿತ್ತು, ಬೀಳಲಿ ಎಂದುಕೊಂಡೆ.

ಕಚೇರಿಯ ಗುಮಾಸ್ತರು ಗಾಜಿನ ಹಿಂದೆ ಕೂತಿದ್ದರು. ನನ್ನ ವಿಳಾಸ ಕೇಳಿ ಕುರ್ಚಿ ಹಿಂದಕ್ಕೆ ಎಳೆದುಕೊಂಡರು. "ನೀವು ಪ್ರಾಥಮಿಕ ಸಂಪರ್ಕ, ಹೊರಗೆ ಬರುವ ಹಾಗಿಲ್ಲ."

"ಯಾರ ಸಂಪರ್ಕ? ಫೋನಿನಲ್ಲಿ ಮಾತಾಡಿದರೆ ಬರ್ತದಾ ಈ ರೋಗ?"

"ವಿಳಾಸ ಬೇರೆ ಅಂತ ಆದರೆ ಆ ಪಂಚಾಯತಿನಿಂದ ವಾಸದ ದೃಢಪತ್ರ ತನ್ನಿ. ಹೆಸರು ವರ್ಗ ಮಾಡುವ."

ಬಸ್ಸಿಲ್ಲ, ರಸ್ತೆಯಲ್ಲಿ ಪೊಲೀಸರು, ನನ್ನ ಗೇಟಿಗೆ ಪಟ್ಟಿ. ದೃಢಪತ್ರ ತರಬೇಕಂತೆ. ನಾನು ಅಲ್ಲಿಯೇ ನೆಲದ ಮೇಲೆ ಕೂತೆ. ವರ್ಗ ಮಾಡುವವರೆಗೆ ಏಳುವುದಿಲ್ಲ, ಸೋಂಕು ಹರಡಿದರೆ ನನ್ನನ್ನು ಕೇಳಬೇಡಿ ಎಂದೆ. ಮಕ್ಕಳಿಗೆ ಶಿಸ್ತಿನ ಪಾಠ ಹೇಳುವವಳು ಹಾಗೆ ಕೂತದ್ದು ಅದೇ ಮೊದಲು. ಅರ್ಧ ಗಂಟೆಯಲ್ಲಿ ಒಳಗಿನಿಂದ ಯಾರೋ ಬಂದು, ದೃಢಪತ್ರ ಇಲ್ಲದೆಯೇ ಹೆಸರು ವರ್ಗ ಮಾಡಿದರು. ನನ್ನ ಮೇಲಿನ ಹೆದರಿಕೆಯಿಂದ ಆದ ಕೆಲಸ ಮಾವನ ಉಸಿರಾಟದ ಕಷ್ಟದಿಂದ ಆಗಲಿಲ್ಲ.

ಅಂದು ಸಂಜೆ ಆರು ಗಂಟೆಗೆ ಬಂತು: 'ನಮ್ಮ ವಾರ್ಡಿನಲ್ಲಿ ಸಕ್ರಿಯ ಪ್ರಕರಣಗಳಲ್ಲಿ ಇಳಿಕೆ. ಸಹಕರಿಸಿದ ನಾಗರಿಕರಿಗೆ ಧನ್ಯವಾದಗಳು.' ಇಳಿದದ್ದು ಮಾವ ಒಬ್ಬರೇ.

ಹಳ್ಳಿಯ ಪಟ್ಟಿಗೆ ಹೆಸರು ಮುಟ್ಟಲು ಮತ್ತೂ ಎರಡು ದಿನ ಬೇಕಾಯಿತು. ಅಷ್ಟರಲ್ಲಿ ಅತ್ತೆಯ ಅಣ್ಣನ ಮಗ ಯಾರದೋ ಜೀಪು ಹಿಡಿದು ಮಾವನನ್ನು ಮಂಗಳೂರಿಗೆ ಕರೆದೊಯ್ದಿದ್ದ. ಮೊದಲೇ ಬರಬೇಕಿತ್ತು, ಆಮ್ಲಜನಕ ಯಾರೂ ನೋಡಿರಲಿಲ್ಲವಾ ಎಂದು ಅಲ್ಲಿ ಕೇಳಿದರಂತೆ. ನಾಲ್ಕನೇ ದಿನ ಮಾವ ತೀರಿಕೊಂಡರು. ಅಲ್ಲಿಯೇ ದಹನವಾಯಿತು. ನಮ್ಮಲ್ಲಿ ಗಂಡಸು ಸತ್ತರೆ ಬೊಜ್ಜ, ಅಂದರೆ ಉತ್ತರಕ್ರಿಯೆ, ತಾಯಿ ಮನೆಯಲ್ಲಿ ಆಗಬೇಕು. ಯಾರೂ ಬರುವ ಹಾಗಿರಲಿಲ್ಲ, ಎಡೆಗೆ ಅಕ್ಕಿ ಬೇಯಿಸಿ ನಾವಿಬ್ಬರೇ ಕೂತೆವು. ಅಮ್ಮ ಅಳಲಿಲ್ಲ. "ಪ್ರಕಟಣೆ ಬರಲಿ" ಎಂದಳು.

ಯಾಕೆ ಎಂದು ನಾನು ಕೇಳಲಿಲ್ಲ. ಜ್ವರ ಬಂದ ಮೇಲೆ ತಮ್ಮನ ವಿಷಯದಲ್ಲಿ ಅವಳು ನಂಬಿದ್ದು ಆ ಆರು ಗಂಟೆಯ ಓದನ್ನು ಮಾತ್ರ. ಮುಖ ನೋಡಿಲ್ಲ, ಬೂದಿಯನ್ನೂ ನೋಡಿಲ್ಲ. ಬರೆದದ್ದನ್ನು ಕೇಳದೆ ನಂಬುವುದು ಹೇಗೆ? ಪ್ರತಿ ಸಂಜೆ, "ಮೃತರು ಅಂತ ಉಂಟಲ್ಲ, ಅದನ್ನು ಓದು" ಎನ್ನುತ್ತಿದ್ದಳು. ನಾನು ಓದುತ್ತಿದ್ದೆ. ಮಾವ ಇರುತ್ತಿರಲಿಲ್ಲ.

ವಿಚಾರಿಸಿದೆ. ನಮ್ಮ ಕಚೇರಿಯವರು, ಅವರು ನಮ್ಮ ಪಟ್ಟಿಯಲ್ಲಿ ಇಲ್ಲವಲ್ಲ, ನೀವೇ ತೆಗೆಸಿದ್ದು ಎಂದರು. ಅವರು ಹೇಳಿದ್ದು ಸರಿಯೇ. ಹಳ್ಳಿಯವರು, ಹೆಸರು ಬರುವಾಗ ರೋಗಿ ಇಲ್ಲಿ ಇರಲಿಲ್ಲ, ಆಸ್ಪತ್ರೆ ಮಂಗಳೂರಿನಲ್ಲಿ, ಅಲ್ಲಿ ಕೇಳಿ ಎಂದರು. ಮಂಗಳೂರಿನವರು, ಅವರವರ ಊರಿನಲ್ಲಿ ಪ್ರಕಟವಾಗುತ್ತದೆ ಎಂದರು. ಮಾವ ಯಾರ ಲೆಕ್ಕದಲ್ಲಿಯೂ ಸಾಯಲಿಲ್ಲ.

ಮಳೆ ಹಿಡಿದಿತ್ತು. ಒಂದು ಸಂಜೆ ಪ್ರಕಟಣೆಯಲ್ಲಿ ಇದ್ದದ್ದು ನೀರು ನಿಲ್ಲದಂತೆ ಎಚ್ಚರ ವಹಿಸಿ ಎಂಬ ಮಾತು ಮಾತ್ರ. ಮೃತರ ವಿವರವೇ ಇರಲಿಲ್ಲ. ಅಮ್ಮ ಕಾಯುತ್ತಿದ್ದಳು. ನಾನು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು, ಅವರದೇ ಕನ್ನಡದಲ್ಲಿ, ಎಲ್ಲಿಯೂ ಇಲ್ಲದ ಒಂದು ಸಾಲನ್ನು ಓದಿದೆ. "ನಮ್ಮ ವಾರ್ಡಿನ ಅರವತ್ತಾರು ವರ್ಷದ ಪುರುಷ, ಚಿಕಿತ್ಸೆ ಫಲಕಾರಿಯಾಗದೆ ಮೃತಪಟ್ಟಿರುತ್ತಾರೆ ಎಂದು ಈ ಮೂಲಕ ತಿಳಿಯಪಡಿಸಲಾಗಿದೆ."

"ಮನೆ ಯಾವುದು ಅಂತ ಹಾಕಿದ್ದಾರಾ?"

"ಹಾಕಿದ್ದಾರೆ ಅಮ್ಮ. ನಮ್ಮ ಮನೆಯ ಹೆಸರೇ ಉಂಟು."

"ಇನ್ನೊಮ್ಮೆ ಓದು."

ಮೊದಲ ಸಲ ಹೇಳಿದ ಶಬ್ದಗಳನ್ನೇ ನೆನಪು ಮಾಡಿಕೊಂಡು, ಮನೆಯ ಹೆಸರನ್ನೂ ಸೇರಿಸಿ, ಇನ್ನೊಮ್ಮೆ ಓದಿದೆ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳಲು ಸುರು ಮಾಡಿದಳು. ಮಾವ ತೀರಿಹೋಗಿ ಆಗ ಒಂದು ತಿಂಗಳ ಮೇಲಾಗಿತ್ತು.