ಬಾಲರಾಜುವಿನ ಪಿಂಗಾಣಿ ಅಂಗಳ

ನಮ್ಮೂರಿನ ಬಾಲರಾಜುವನ್ನು ನಾನು ಮೂವತ್ತು ವರ್ಷದಿಂದ ಬಲ್ಲೆ. ಅವನು ಪೂರ್ತಿ ಮಾಡಿ ಮುಗಿಸಿದ ಕೆಲಸ ಒಂದೂ ನೆನಪಿಗೆ ಬರುವುದಿಲ್ಲ. ರೇಷ್ಮೆ ಹುಳು ಸಾಕುತ್ತೇನೆಂದು, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ತಂದ. ಹುಳಕ್ಕೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕೆಂದು ಗೊತ್ತಾದ ಮೇಲೆ ಆ ಚಂದ್ರಿಕೆಗಳನ್ನೇ ಕೋಳಿಗೂಡಿಗೆ ಬಾಗಿಲು ಮಾಡಿದ. ಮಡಕಶಿರಕ್ಕೆ ಆಟೋ ಓಡಿಸಿದ, ಸೀಟು ಬಿಸಿಯಾಗುತ್ತದೆ ಎಂದು ಬಿಟ್ಟ. ಬಿಳಿ ಅಂಗಿಯ ಇಸ್ತ್ರಿ ಮಾತ್ರ ಒಂದು ದಿನವೂ ತಪ್ಪಿಸಿದವನಲ್ಲ. ಅದನ್ನೂ ಹೆಂಡತಿಯೇ ಹಾಕಿಕೊಡಬೇಕು.

ಆ ಮನೆ ನಡೆಯುತ್ತಿದ್ದದ್ದು ಹೆಂಡತಿ ಮಂಜುಳಮ್ಮನ ಕೈಯಿಂದ. ಕೈ ಎಂದರೆ ನಿಜವಾಗಿಯೂ ಕೈಯೇ. ಹಿಂದೂಪುರದ ಕಡೆಯ ಗಾರ್ಮೆಂಟ್ಸಿನಲ್ಲಿ ಮೂರು ವರ್ಷ ದಾರ ಕತ್ತರಿಸಿ, ಆಮೇಲೆ ಮಿಷನ್ನಿಗೆ ಕೂತು, ಕಾಲರ್ ಹೊಲಿಯುವ ಸಾಲಿಗೆ ಬಂದವಳು. ಅವಳಷ್ಟು ಚೊಕ್ಕಟವಾಗಿ ಕಾಲರಿನ ಮೂಲೆ ತಿರುಗಿಸುವವರು ಆ ಸಾಲಿನಲ್ಲೇ ಇಲ್ಲ ಎಂದು ಜೊತೆಯ ಹೆಂಗಸರು ಹೇಳುತ್ತಿದ್ದರು. ಬೆಳಿಗ್ಗೆ ಆರಕ್ಕೆ ಕಂಪನಿ ಬಸ್ಸು. ಅದು ತಪ್ಪಿದರೆ ಆ ದಿನದ ಹಾಜರಿಯೂ ತಪ್ಪಿದಂತೆ.

ಅಂಗಳಕ್ಕೆ ಟೈಲ್ಸ್ ಹಾಕಿಸಬೇಕೆಂದು ಮೊದಲು ಅಂದವಳು ಅವಳೇ. ನಾನು ಟೈಲ್ಸ್ ಮೇಸ್ತ್ರಿ. ಗುಡಿಬಂಡೆ ಸುತ್ತಮುತ್ತ ನಾನು ಹಾಕಿದ ನೆಲದ ಮೇಲೆ ಅರ್ಧ ಜನ ಓಡಾಡುತ್ತಾರೆ. ಒಂದು ದಿನ ಬಸ್ಸಿಗೆ ಕಾಯುತ್ತಾ ನಿಂತಿದ್ದವಳು ನನ್ನನ್ನು ಕರೆದಳು.

"ಆದಿನಾರಾಯಣಣ್ಣ, ನಮ್ಮತ್ತೆಗೆ ಮೊಣಕಾಲು ನೋವು. ಬಗ್ಗಿ ಸಗಣಿ ಸಾರ್ಸೋಕಾಗಲ್ಲ. ಅಂಗಳಕ್ಕೆ ಟೈಲ್ಸ್ ಹಾಕ್ಕೊಡು. ವಯಸ್ಸಾದೋರು ಓಡಾಡೋ ಜಾಗ, ಜಾರ್ದಂಗಿರ್ಲಿ."

"ಆಯ್ತು ಕಣಮ್ಮ," ಎಂದೆ.

ಅವಳಿಗೆ ರಜೆ ಸಿಗಲಿಲ್ಲ. ಹಾಗಾಗಿ ಟೈಲ್ಸ್ ಆರಿಸಲು ನನ್ನ ಜೊತೆ ಮಡಕಶಿರಕ್ಕೆ ಬಂದವನು ಬಾಲರಾಜು. ಅಂಗಡಿಯವನು ಹೊರಗಿನ ಅಂಗಳಕ್ಕೆಂದೇ ಮಾಡಿದ, ಒರಟು ಮೈಯ ಪಿಂಗಾಣಿ ಟೈಲ್ಸ್ ತೋರಿಸಿದ. ಬಾಲರಾಜು ಅದನ್ನು ಒಂದು ಬೆರಳಿನಿಂದ ಸವರಿ, ಎಮ್ಮೆ ತೊಗಲು ಮುಟ್ಟಿದವನಂತೆ ಮುಖ ಸಿಂಡರಿಸಿದ. ಪಕ್ಕದಲ್ಲಿ ಮನೆಯೊಳಗೆ ಹಾಕುವ ನುಣುಪು ಪಿಂಗಾಣಿ ಟೈಲ್ಸ್ ಒರಗಿಸಿಟ್ಟಿದ್ದರು. ಅದರಲ್ಲಿ ಅವನಿಗೆ ತನ್ನ ಮುಖ ಕಂಡಿತು. ಅಲ್ಲಿಗೆ ವ್ಯಾಪಾರ ಮುಗಿಯಿತು.

"ಇದೇ ಇರ್ಲಿ."

"ಇದು ಒಳಕ್ಕೆ ಹಾಕೋದು ಕಣೋ. ನೀರು ಬಿದ್ರೆ ಜಾರ್ತದೆ."

"ನೀನು ಹಾಕೋನು, ನಾನು ಹಾಕ್ಸೋನು. ಗೊತ್ತಾಯ್ತಾ?"

ಹಾಕಿಸುವವನಂತೆ. ಅವನ ಜೇಬಿನಲ್ಲಿ ಬಾಚಣಿಗೆ ಬಿಟ್ಟರೆ ಅವನದೆನ್ನುವುದು ಏನೂ ಇರಲಿಲ್ಲ.

ಕೆಲಸ ಶುರುವಾದ ದಿನ ಇನ್ನೊಂದು ರಗಳೆ. ಅಂಗಳವೆಂದರೆ ಬೀದಿ ಕಡೆಗೆ ಸ್ವಲ್ಪ ಇಳಿಜಾರು ಕೊಡಬೇಕು. ಇಲ್ಲದಿದ್ದರೆ ನೀರು ನಿಂತಲ್ಲೇ ನಿಲ್ಲುತ್ತದೆ. ನಾನು ದಾರ ಕಟ್ಟಿ ಆ ಇಳಿಜಾರು ಹಿಡಿಯುತ್ತಿದ್ದಾಗ ಬಾಲರಾಜು ಪ್ಲಾಸ್ಟಿಕ್ ಕುರ್ಚಿ ತಂದು ಕೂತು ನೋಡಿದ. ಕುರ್ಚಿ ವಾಲುತ್ತದಂತೆ.

"ಲೆವೆಲ್ಲಾಗಿ ಹಾಕು. ನಾನು ಸಾಯಂಕಾಲ ಕೂತ್ಕೊಳ್ಳೋ ಜಾಗ ಇದು."

ನೀರು ನಿಲ್ಲುತ್ತದೆ ಎಂದು ಒಂದು ಸಲ ಹೇಳಿದೆ. ಎರಡನೇ ಸಲ ಹೇಳಲಿಲ್ಲ. ಇಂಥವನಿಗೆ ಬುದ್ಧಿ ಹೇಳಿ ನಾನೇಕೆ ಬಾಯಿ ನೋಯಿಸಿಕೊಳ್ಳಲಿ ಎಂದುಕೊಂಡು, ರಸಮಟ್ಟದ ಗುಳ್ಳೆ ಸರಿಯಾಗಿ ನಡುವೆ ನಿಲ್ಲುವ ಹಾಗೆ ಸಾಲು ಹಿಡಿದೆ. ಸಂದುಗಳೆಲ್ಲ ನೂಲು ಹಿಡಿದಂತೆ ಬಂದವು. ಇವನ ದಡ್ಡತನವನ್ನು ಊರೆಲ್ಲ ನೋಡಲಿ ಎಂಬ ಕೆಟ್ಟ ಖುಷಿಯೂ ನನಗಿತ್ತು.

ಅಂಗಳ ಮುಗಿದದ್ದೇ ತಡ, ಬಾಲರಾಜು ಅದಕ್ಕೆ ಕಾವಲುಗಾರನಾದ. ಚಪ್ಪಲಿ ಬೀದಿಯಲ್ಲೇ ಬಿಡಬೇಕು. ಕಡಲೆಕಾಯಿ ಒಣಗಹಾಕಲು ಬಂದ ತಾಯಿಯನ್ನು ಅತ್ತ ಅಟ್ಟಿದ. ಮಧ್ಯಾಹ್ನದ ಬಿಸಿಲಿಗೆ ಕಾದ ಟೈಲ್ಸಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತಾ ಒಳಗೆ ಓಡುವಾಗಲೂ ಅವನ ಗತ್ತು ಕಡಿಮೆಯಾಗಲಿಲ್ಲ.

ಅವನ ತಾಯಿ ನರಸಕ್ಕ ಒಂದನ್ನು ಮಾತ್ರ ಬಿಡಲಿಲ್ಲ. ಬೆಳಿಗ್ಗೆ ಬಾಗಿಲ ಮುಂದೆ ಸಗಣಿ ನೀರು ಹಾಕಿ ರಂಗೋಲಿ ಬಿಡದೆ ಮನೆಯಿಂದ ಯಾರೂ ಹೊರಗೆ ಹೊರಡಬಾರದು. ಸಾರಿಸುವುದು ತಪ್ಪಿತೆಂದು ಚಿಮುಕಿಸುವುದು ತಪ್ಪುತ್ತದೆಯೇ? ಮಣ್ಣಾಗಿದ್ದಾಗ ಅಂಗಳ ಆ ನೀರನ್ನು ಕುಡಿಯುತ್ತಿತ್ತು. ಪಿಂಗಾಣಿ ಕುಡಿಯಲಿಲ್ಲ. ಇಳಿಜಾರಿಲ್ಲದ್ದರಿಂದ ನೀರು ಹರಿಯಲೂ ಇಲ್ಲ.

ಹತ್ತನೆಯ ದಿನ ಶುಕ್ರವಾರ. ನರಸಕ್ಕ ಎರಡು ಚೊಂಬು ಹೆಚ್ಚಿಗೆ ಚಿಮುಕಿಸಿದ್ದಳು. ಬಸ್ಸು ಹಾರ್ನ್ ಹೊಡೆಯಿತು. ಬುತ್ತಿ ಡಬ್ಬಿ ಹಿಡಿದು ಓಡಿ ಬಂದ ಮಂಜುಳಮ್ಮ ಮೂರನೇ ಹೆಜ್ಜೆಗೆ ಜಾರಿ, ಬಲಗೈ ಊರಿ ಬಿದ್ದಳು. ಮಣಿಕಟ್ಟು ಎರಡು ಕಡೆ ಮುರಿಯಿತು. ಬಸ್ಸು ಎರಡು ನಿಮಿಷ ಕಾದು ಹೊರಟುಹೋಯಿತು.

ಬಾಲರಾಜು ಒಳಗಿನಿಂದ ಬಂದು ಮೊದಲು ಕೇಳಿದ್ದು, "ಟೈಲ್ಸ್ ಒಡೀತಾ?" ಎಂದು. ಇದನ್ನು ನನಗೆ ಹೇಳಿದವಳು ಅವನನ್ನು ಹೆತ್ತ ತಾಯಿ.

ಕಟ್ಟು ಬಿಚ್ಚಿದ ಮೇಲೂ ಹೆಬ್ಬೆರಳು ಮಡಚಲಿಲ್ಲ. ಕಾಲರ್ ಸಾಲಿನ ಅವಳ ಮಿಷನ್ನಿಗೆ ಬೇರೆಯವರು ಬಂದಿದ್ದರು. ಅವಳನ್ನು ಮತ್ತೆ ದಾರ ಕತ್ತರಿಸುವ ಮೇಜಿಗೆ ಕಳಿಸಿದರು, ಹನ್ನೊಂದು ವರ್ಷದ ಹಿಂದೆ ಶುರು ಮಾಡಿದ ಜಾಗಕ್ಕೇ.

ಆ ಭಾನುವಾರ ನೋಡಲು ಹೋದೆ. ದಾರಿಯುದ್ದಕ್ಕೂ ಬಾಲರಾಜುವನ್ನು ಬೈಯಲು ಮಾತು ಜೋಡಿಸಿಕೊಂಡಿದ್ದೆ. ಮಂಜುಳಮ್ಮ ಟೈಲ್ಸಿನ ಮೇಲೆ ಗೋಣಿಚೀಲ ಹಾಸಿಕೊಂಡು ಕೂತಿದ್ದಳು.

"ನಿನ್ ಗಂಡಂಗೆ ಅವತ್ತೇ ಹೇಳ್ದೆ ಕಣಮ್ಮ, ಜಾರ್ತದೆ ಅಂತ," ಎಂದು ಶುರು ಮಾಡಿದೆ.

"ಅವ್ರ ಮಾತು ಬಿಡಣ್ಣ. ಅವ್ರಿಗೆ ಏನೂ ಗೊತ್ತಾಗಲ್ಲ ಅಂತ ಊರಿಗೇ ಗೊತ್ತು. ನಿಂಗೆ ಗೊತ್ತಿತ್ತಲ್ಲ. ನಾನು ಹೇಳಿದ್ದು ನಿಂಗೆ ತಾನೆ?"

ನಾಚಿಕೆಯಿಂದ ಅಲ್ಲಿ ನಿಲ್ಲಲಾಗಲಿಲ್ಲ.

ಮಾರನೆಯ ದಿನ ಉಳಿ, ಸುತ್ತಿಗೆ ಹಿಡಿದು ಹೋದೆ. ಬಾಲರಾಜು ಅಂಗಳದ ನಡುವೆ ಕುರ್ಚಿ ಹಾಕಿ ಕೂತಿದ್ದ. ಏಳು, ಇದನ್ನು ಕಿತ್ತು ಬೇರೆ ಹಾಕುತ್ತೇನೆ ಎಂದೆ. ಕಾಲ ಮೇಲೆ ಕಾಲು ಹಾಕಿಕೊಂಡ. ಎರಡನೇ ಸಲವೂ ಹೇಳಿದೆ, ಮೂರನೇ ಸಲ ಕುರ್ಚಿ ಹಿಡಿದೆತ್ತಿದೆ. ಎದ್ದ. ಟೈಲ್ಸ್ ಹಾಕಿದ ದಿನವೂ ಇಷ್ಟೇ ಸಾಕಾಗಿತ್ತು.