ತಿನ್ನದೆ ಬಿಟ್ಟುಹೋದ ಕೋಳಿಗಳು

ಗುತ್ತೂರಿನ ಹಂಪವ್ವ ಗಂಡ ಸತ್ತ ಮೇಲೆ ಹಿತ್ತಲಲ್ಲಿ ನಾಟಿ ಕೋಳಿ ಸಾಕಿ ಬದುಕು ಕಟ್ಟಿಕೊಂಡವಳು. ಮೂರು ಕೋಳಿ ಆರು ವರ್ಷದಲ್ಲಿ ಇಪ್ಪತ್ತೊಂದಾಗಿದ್ದವು. ಹರಿಹರದಿಂದ ಜನ ಮೊಟ್ಟೆಗೆಂದು ಮನೆ ಹುಡುಕಿಕೊಂಡು ಬರುತ್ತಿದ್ದರು. ಮಕ್ಕಳಿಲ್ಲದ ಅವಳು ಕೋಳಿಗಳನ್ನೇ ಬೈಯುತ್ತ, ಅವಕ್ಕೇ ಊರ ಸುದ್ದಿ ಹೇಳುತ್ತ ದಿನ ಕಳೆಯುತ್ತಿದ್ದಳು.

ಕಳೆದ ಶ್ರಾವಣದ ಒಂದು ಬೆಳಗ್ಗೆ ಗೂಡಿನ ಅಗಳಿ ತೆಗೆದು ಒಳಗೆ ಬಗ್ಗಿ ನೋಡಿದಳು. ಇಪ್ಪತ್ತೊಂದೂ ಮೂಲೆಯಲ್ಲಿ ಒಂದರ ಮೇಲೊಂದು ಸತ್ತು ಬಿದ್ದಿದ್ದವು. ಕತ್ತಿನ ಬಳಿ ಚೂರು ರಕ್ತ ಬಿಟ್ಟರೆ ಮೈ ಇಡಿಯಾಗಿತ್ತು. ಒಂದನ್ನೂ ತಿಂದಿರಲಿಲ್ಲ.

“ಯಾವ್ದಾರ ಪ್ರಾಣಿ ಹಸಿದು ತಿಂದಿದ್ರೆ ಹೋಗ್ಲಿ ಅಂತಿದ್ದೆ. ತಿನ್ನಾಕಲ್ಲದಿದ್ರೆ ಕೊಂದಿದ್ಯಾಕ? ಇದು ಮನುಷ್ಯರ ಕೆಲ್ಸ!”

ಪಕ್ಕದ ಮನೆಯ ಹಜೀರಾಬೀ ಹಿಂದಿನ ವಾರವಷ್ಟೇ ಕೋಳಿಗಳು ತನ್ನ ಕೊತ್ತಂಬರಿ ಮಡಿ ಕೆದರಿದವೆಂದು ಜಗಳವಾಡಿದ್ದಳು. ಹಂಪವ್ವ ನೇರ ಅವಳ ಬಾಗಿಲಿಗೆ ಹೋಗಿ, ಓಣಿಯೆಲ್ಲ ನೋಡುತ್ತಿದ್ದಂತೆ ಹೊರಬಂದವಳ ಮೇಲೆ ಮಣ್ಣು ತೂರಿದಳು.

“ಕೊಂದ ಕೈಗೆ ಹುಳ ಬೀಳ್ಲಿ!”

ಹಜೀರಾಬೀ ಸೆರಗಿನಿಂದ ಮುಖದ ಮಣ್ಣು ಒರೆಸಿಕೊಂಡಳು. “ನಾನಲ್ಲ ಅಕ್ಕ. ದನದ ಡಾಕ್ಟ್ರಿಗೆ ತೋರ್ಸು, ನಾನೂ ಬರ್ತೀನಿ.”

ಹಂಪವ್ವ ಒಬ್ಬಳೇ ಎರಡು ಕೋಳಿ ಚೀಲಕ್ಕೆ ಹಾಕಿಕೊಂಡು ಹರಿಹರದ ಬಸ್ಸು ಹತ್ತಿದಳು.

ಡಾಕ್ಟರ್ ಯೋಗರಾಜ್ ಕತ್ತಿನ ಪುಕ್ಕ ಸರಿಸಿ ಹಲ್ಲಿನ ಗುರುತು ತೋರಿಸಿದರು. “ಕಾಡುಬೆಕ್ಕಮ್ಮ ಇದು.”

“ಬೆಕ್ಕಾದ್ರೆ ತಿನ್ನಬೇಕಲ್ರಿ ಸಾರ್?”

“ಅದಕ್ಕೆ ಹಸಿವು ಬ್ಯಾರೆ, ಬೇಟೆ ಬ್ಯಾರೆ. ಕಣ್ಮುಂದೆ ಪಟಪಟ ಅಂದ್ರೆ ಹೊಟ್ಟೆ ತುಂಬಿದ್ರೂ ಬಾಯಿ ಹಾಕ್ತೈತೆ. ಬಯಲಾಗಿದ್ರೆ ಒಂದು ಹಿಡಿಯೋ ಹೊತ್ತಿಗೆ ಉಳಿದವು ಹಾರಿ ಹೋಗ್ತಿದ್ವು. ಗೂಡಿನಾಗೆ ಎಲ್ಲಿಗೆ ಹೋಗ್ಬೇಕು? ಕೊನೇದು ಅಲುಗಾಡೋದು ನಿಲ್ಲಿಸೋ ತನಕ ಕಚ್ಚೈತೆ. ಆಮ್ಯಾಲೆ ಒಂದೊಂದೇ ಹೊತ್ಕೊಂಡು ಹೋಗ್ತಿತ್ತೇನೋ, ಅಷ್ಟ್ರಾಗೆ ಬೆಳಕಾಗೈತೆ. ಅದಕ್ಕೆ ನಿಮ್ಮ ಮ್ಯಾಲೆ ಹಗೆಯೇನಿಲ್ಲಮ್ಮ.”

ಹಗೆಯಾದರೂ ಇದ್ದಿದ್ದರೆ ಶಪಿಸಿ ಹಗುರಾಗಬಹುದಿತ್ತು. ಗೂಡಿನ ಜಾಲರಿಯ ಮೂಲೆ ಕಿತ್ತುಹೋಗಿದ್ದನ್ನು ಅವಳು ಎರಡು ದಿನದ ಹಿಂದೆಯೇ ನೋಡಿದ್ದಳು; ಬೆಕ್ಕು ನುಗ್ಗಿದ್ದು ಅಲ್ಲಿಂದಲೇ. ಆಮೇಲೆ ಕಟ್ಟಿದರಾಯಿತೆಂದು ಬಿಟ್ಟು, ಬಾಗಿಲ ಅಗಳಿ ಮಾತ್ರ ಬಿಗಿಯಾಗಿ ಹಾಕಿದ್ದಳು. ಒಂದೂ ಹೊರಗೆ ಹಾರದಂತೆ ಮಾಡಿದ್ದು ತಾನೇ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಚೀಲ ತಬ್ಬಿಕೊಂಡು ಕುಳಿತವಳಿಗೆ ಎರಡು ಬಸ್ಸು ಹೋದದ್ದೂ ಗೊತ್ತಾಗಲಿಲ್ಲ.

ಊರಿಗೆ ಬಂದಾಗ ತನ್ನ ಹಿತ್ತಲಲ್ಲಿ ಹಜೀರಾಬೀ ಹಾರೆ ಹಿಡಿದು ಗುಂಡಿ ತೋಡುತ್ತಿದ್ದಳು.

“ಹಜೀರಾ, ನನ್ನ ಬಾಯಿ ಸುಡ್ಲಿ...”

“ಮೊದ್ಲು ಮಣ್ಣು ಮಾಡಾನ ಅಕ್ಕ.”

ಈಗ ಹಂಪವ್ವ ಊರ ಪಕ್ಕದ ಕಾರ್ಖಾನೆಯಲ್ಲಿ ಕಸ ಗುಡಿಸುತ್ತಾಳೆ. ದೀಪಾವಳಿಯ ಹೊತ್ತಿಗೆ ಹಜೀರಾಬೀ ನಾಲ್ಕು ಕೋಳಿಮರಿ ತಂದುಕೊಟ್ಟಳು. ಹಂಪವ್ವ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ವಾಪಸ್ ಬುಟ್ಟಿಗೆ ಬಿಟ್ಟಳು.

“ಬ್ಯಾಡವ್ವ. ಇವನ್ನ ಹೆಂಗೆ ಕೂಡಿ ಹಾಕ್ಲಿ? ಹೆಂಗೆ ಹೊರಗೆ ಬಿಡ್ಲಿ?”

ಮರಿಗಳು ಹಜೀರಾಬೀ ಮನೆಯಲ್ಲೇ ಬೆಳೆದವು. ಹಂಪವ್ವ ಆ ಕಡೆಯ ಕಿಟಕಿ ತೆಗೆಯುವುದನ್ನೇ ಬಿಟ್ಟಳು.