ತಂತಿ ಮುಟ್ಟದ ವಿಳಾಸ

ಲೈನ್‌ಮನ್ ಕಾಕಾ ಅವರ ಮುಂದಿನ ಹಲ್ಲಿನಲ್ಲಿ ಒಂದು ಸಣ್ಣ ಕಚ್ಚು ಬಿದ್ದಿತ್ತು. ಕಂಬ ಹತ್ತಿದಾಗ ಒಂದು ಕೈ ಕಂಬಕ್ಕೆ, ಇನ್ನೊಂದು ಕೈ ತಂತಿಗೆ. ತಂತಿಯ ಸಿಪ್ಪೆ ಸುಲಿಯಲು ಉಳಿದದ್ದು ಹಲ್ಲೊಂದೇ. ಮೂವತ್ತು ವರ್ಷ ಸುಲಿದು ಸುಲಿದು ಹಲ್ಲು ತಂತಿಯ ಅಳತೆಗೇ ಸವೆದಿತ್ತು. ಆಫೀಸಿನವರು ಕಟರ್ ಕೊಟ್ಟಿದ್ದರು, ನಿಜ. ಅದು ಅವರ ಕಿಸೆಯಿಂದ ಹೊರಬಂದದ್ದನ್ನು ನಾನಂತೂ ನೋಡಿಲ್ಲ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿದ್ದ ನಮ್ಮಪ್ಪನ ದಲಾಲಿ ಅಂಗಡಿಗೆ ಮೊದಲ ಫೋನು ಹಚ್ಚಿದವರು ಅವರೇ. ನಾನಾಗ ಕನ್ನಡ ಸಾಲೆಗೆ ಹೋಗುತ್ತಿದ್ದೆ. ಸುಗ್ಗಿಯಲ್ಲಿ ಘಾಟಿಗೆ ಇಡೀ ಪೇಟೆ ಸೀನುತ್ತಿದ್ದರೆ, ಕಾಕಾ ಮೂಗಿಗೆ ಟವೆಲ್ ಸುತ್ತಿಕೊಂಡು ಕಂಬದ ಮೇಲಿಂದ, "ಸೀನ್ರಿ, ಸೀನ್ರಿ, ನಾ ಏನ್ ಕೆಳಗ ಬೀಳೂದಿಲ್ಲ" ಎಂದು ಚೇಷ್ಟೆ ಮಾಡುತ್ತಿದ್ದರು. ಕೆಟ್ಟ ಫೋನು ಸರಿಯಾಗುವ ತನಕ ಅಲ್ಲಿಯ ಚಹಾ ಮುಟ್ಟುತ್ತಿರಲಿಲ್ಲ. ಅಪ್ಪ ಒತ್ತಾಯ ಮಾಡಿದರೆ, "ಮೊದಲ ಅದು ಮಾತಾಡಲಿ ಸಾವ್ಕಾರ್ರ, ಆಮ್ಯಾಲೆ ನಾ ಕುಡೀತೇನಿ" ಎನ್ನುವರು. ಅವರ ಇನ್ನೊಂದು ಮಾತಿತ್ತು: "ತಂತಿ ಸುಳ್ಳು ಹೇಳೂದಿಲ್ರಿ. ಸುಳ್ಳು ಹೇಳೂದು ಕಾಗದ."

ರಾಣೆಬೆನ್ನೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ನಾನು, ಮನೆಯವರೆಲ್ಲರ ಮಾತು ಮೀರಿ ಕೆಲಸ ಬಿಟ್ಟು, ಕದರಮಂಡಲಗಿ ರಸ್ತೆಯಲ್ಲಿ ಮೆಣಸಿನಕಾಯಿಯ ಬಣ್ಣ ಪರೀಕ್ಷಿಸುವ ಸಣ್ಣ ಲ್ಯಾಬ್ ತೆರೆದೆ. ಎರಡು ಸಾವಿರದ ಏಳರ ಸುಮಾರಿನ ಮಾತು. ಬ್ಯಾಡಗಿ ಕಾಯಿಗೆ ಬೆಲೆ ಖಾರಕ್ಕಲ್ಲ, ಬಣ್ಣಕ್ಕೆ. ಕೇರಳದ ಕಡೆಯ ಒಬ್ಬ ಖರೀದಿದಾರರು ವರ್ಷವಿಡೀ ತಮ್ಮ ಮಾಲಿನ ಪರೀಕ್ಷೆ ನನಗೇ ಕೊಡಲು ಒಪ್ಪಿದರು. ಷರತ್ತು ಒಂದೇ: ಪೇಟೆಯಲ್ಲಿ ಆ ದಿನದ ಟೆಂಡರ್ ಮುಗಿಯುವ ಮೊದಲು ವರದಿ ಅವರ ಕಂಪ್ಯೂಟರಿಗೆ ಮುಟ್ಟಬೇಕು. ನನ್ನ ಫೋನಿನ ಇಂಟರ್ನೆಟ್ಟು ಕರ್‌ಕರ್ ಎಂದು ಕೂಗಿ, ಅರ್ಧ ವರದಿ ಹೋಗುವಷ್ಟರಲ್ಲಿ ಕಡಿದು ಬೀಳುತ್ತಿತ್ತು. ಅವರು ಒಂದು ತಿಂಗಳ ಗಡುವು ಕೊಟ್ಟರು. ತಪ್ಪಿದರೆ ಲ್ಯಾಬಿಗೆ ಬೀಗ. ಬಿಟ್ಟ ಕೆಲಸವೂ ವಾಪಸು ಸಿಗುವಂತಿರಲಿಲ್ಲ.

ಲ್ಯಾಬಿಗೆ ಯಾವ ಯಾವ ಬ್ರಾಡ್‌ಬ್ಯಾಂಡ್ ಬರುತ್ತದೆಂದು ಕೇಳುತ್ತ ತಿರುಗಿದೆ. ರಾಣೆಬೆನ್ನೂರಿನ ಖಾಸಗಿಯವರು ತಮ್ಮ ಟವರಿನ ಸಿಗ್ನಲ್ ಬ್ಯಾಡಗಿಗೆ ಮುಟ್ಟುವುದಿಲ್ಲ ಎಂದರು. ಕಂಪ್ಯೂಟರಿಗೆ ಚುಚ್ಚುವ ಕಾರ್ಡು ಹಳೆಯದಕ್ಕಿಂತ ನಿಧಾನ. ಉಳಿದದ್ದು ಫೋನ್ ತಂತಿಯ ಬ್ರಾಡ್‌ಬ್ಯಾಂಡು. ಟೆಲಿಫೋನ್ ಆಫೀಸಿನ ಗುಮಾಸ್ತರು ಅರ್ಜಿಯ ವಿಳಾಸ ನೋಡಿ, "ಇಲ್ಲಿಗೆ ಆರಾಮ ಬರತೈತ್ರಿ" ಎಂದು ಬರೆದೇ ಕೊಟ್ಟರು. ನಾನು ಅಂದೇ ಖರೀದಿದಾರರಿಗೆ ಹೂಂ ಅಂದೆ.

ಆದರೆ ಅರ್ಜಿಯಲ್ಲಿದ್ದದ್ದು ಅಪ್ಪನ ಅಂಗಡಿಯ ವಿಳಾಸ. ನಮ್ಮಲ್ಲಿ ಅದು ರೂಢಿ. ಮನೆಯಲ್ಲಿ ಯಾರು ಏನೇ ಶುರು ಮಾಡಲಿ, ಕಾಗದಕ್ಕೆಲ್ಲ ಹಿರಿಯರ ಅಂಗಡಿಯ ವಿಳಾಸ; ಪೇಟೆಯ ವಿಳಾಸವಿಲ್ಲದವರನ್ನು ಯಾರು ನಂಬುತ್ತಾರೆ? ನನ್ನ ಅಂಕಪಟ್ಟಿಯಿಂದ ಲ್ಯಾಬಿನ ಫೋನಿನವರೆಗೆ ಎಲ್ಲಕ್ಕೂ ಅದೇ. ಯಾವುದು ಎಲ್ಲಿಗೆಂದು ಅಂಚೆಯವರಿಗೂ ಕಾಕಾಗೂ ಗೊತ್ತಿತ್ತು, ಹಾಗಾಗಿ ಎಂದೂ ತೊಡಕಾಗಿರಲಿಲ್ಲ.

ಕಾಕಾ ಲ್ಯಾಬಿಗೆ ಬಂದರು. ಟೆಸ್ಟ್ ಫೋನನ್ನು ತಂತಿಗೆ ಸಿಕ್ಕಿಸಿ ಎಕ್ಸ್‌ಚೇಂಜಿನವರ ಜೊತೆ ಮಾತಾಡಿ, "ಇಲ್ಲಿಗೆ ಬರೂದಿಲ್ಲವ್ವಾ. ಮಾತು ಬರತೈತಿ, ಅದು ಬರೂದಿಲ್ಲ. ಎಕ್ಸ್‌ಚೇಂಜಿನಿಂದ ಭಾಳ ದೂರ ಆತು" ಎಂದರು.

"ಬರತೈತಿ ಅಂತ ಆಫೀಸಿನ್ಯಾಗ ಬರದು ಕೊಟ್ಟಾರ ಕಾಕಾ!"

"ಕಾಗದಕ್ಕ ಬರತೈತಿ."

"ನಿಮಗ ಹಳೇ ಫೋನಷ್ಟ ಗೊತ್ತು. ಇದು ನಿಮಗ ತಿಳಿಯೂದಿಲ್ಲ ಬಿಡ್ರಿ."

"ಇರಬಹುದು" ಎಂದು ಅವರು ಸೈಕಲ್ ಹತ್ತಿದರು. ನಾನಿಟ್ಟ ಚಹಾ ಆರಿತು.

ಸಿಟ್ಟು ಬಂದರೆ ನನಗೆ ಹಿಂದುಮುಂದು ಕಾಣುವುದಿಲ್ಲ. ಅಂದೇ ಹಾವೇರಿಯ ಮೇಲಧಿಕಾರಿಗೆ ದೂರು ಬರೆದೆ: ಲೈನ್‌ಮನ್ ಬೇಕೆಂದೇ ಸತಾಯಿಸುತ್ತಿದ್ದಾರೆ, ಬೇರೇನೋ ನಿರೀಕ್ಷೆ ಇರಬಹುದು. ಕೆಲಸವಾಗಲಿಲ್ಲವೆಂದು ಚಹಾ ಕೂಡ ಕುಡಿಯದೆ ಹೋದ ಮನುಷ್ಯನ ಮೇಲೆ ಹಾಗೆ ಬರೆದೆ.

ಮುಂದಿನ ರವಿವಾರ, ರಜೆಯ ದಿನ, ಕಾಕಾ ತಾವಾಗಿಯೇ ಬಂದರು. ದೂರಿನ ಸುದ್ದಿ ಮುಟ್ಟಿತ್ತೋ ಇಲ್ಲವೋ, ಮುಖದಲ್ಲಿ ಏನೂ ಕಾಣಲಿಲ್ಲ. "ಬಾರವ್ವಾ, ಎಲ್ಲೀತನ ಬರತೈತಿ ನೋಡೂಣು" ಎಂದು ತಂತಿಯ ಜಾಡು ಹಿಡಿದು ನನ್ನನ್ನು ನಡೆಸಿದರು. ರಸ್ತೆ ಬದಿಯ ಒಂದೊಂದು ಡಬ್ಬಿಯನ್ನೂ ಬಿಚ್ಚಿ, ಎಕ್ಸ್‌ಚೇಂಜಿನಿಂದ ತಂದ ಮೀಟರು ಹಚ್ಚಿದರು. ಹಿಟ್ಟಿನ ಗಿರಣಿಯ ಹತ್ತಿರ ಇಲ್ಲ. ಸೈಕಲ್ ಅಂಗಡಿಯ ತಿರುವಿನಲ್ಲಿ ಇಲ್ಲ. ಬಿಸಿಲು ನೆತ್ತಿಗೇರಿತ್ತು. ಕೊನೆಗೆ ಅಪ್ಪನ ಅಂಗಡಿಯಲ್ಲಿ ಮೀಟರು ನೋಡಿ, ಇಲ್ಲಿ ಬರುತ್ತದೆ ಎನ್ನುವಂತೆ ಅವರು ಗೋಣು ಹಾಕಿದರು.

"ಮಷೀನು ಅಲ್ಲೇ ಇರಲಿ. ಸುದ್ದಿ ಇಲ್ಲಿಂದ ಹೋಗಲಿ."

ಅಷ್ಟು ಸರಳ. ಅಪ್ಪನ ಗಾದಿಯ ಪಕ್ಕದಲ್ಲಿ ಕಂಪ್ಯೂಟರು ಕೂತಿತು. ಪರೀಕ್ಷೆ ಮುಗಿದೊಡನೆ ವರದಿಯನ್ನು ಪೆನ್ ಡ್ರೈವಿಗೆ ಹಾಕಿ, ಸ್ಕೂಟರಿನಲ್ಲಿ ತಂದು ಕಳಿಸುವುದು. ಮೊದಲ ವರದಿ ಗಡುವಿಗೆ ನಾಲ್ಕು ದಿನ ಇರುವಾಗಲೇ ಮುಟ್ಟಿತು. ಕಾಕಾ ಅಂದು ಎರಡು ಕಪ್ ಚಹಾ ಕುಡಿದರು.

ಆ ಹುರುಪಿನಲ್ಲಿ ನಾನು ದೂರನ್ನು ಮರೆತೇಬಿಟ್ಟೆ. ಹಾವೇರಿಯವರು ಮರೆಯಲಿಲ್ಲ.

ಆರು ತಿಂಗಳ ಮೇಲೆ ಕಾಕಾ ನಿವೃತ್ತರಾದರು. ನಿವೃತ್ತರಾದವರಿಗೆ ಶಾಲು ಹೊದಿಸಿ, ಜೀಪಿನಲ್ಲಿ ಮನೆತನಕ ಬಿಟ್ಟುಬರುವುದು ಟೆಲಿಫೋನ್ ಆಫೀಸಿನ ಪದ್ಧತಿ. ಕಾಕಾ ಎಂದಿನಂತೆ ಸೈಕಲ್ ಮೇಲೆ ಒಬ್ಬರೇ ಹೋದದ್ದನ್ನು ಅಪ್ಪ ನೋಡಿದರು. ವಿಚಾರಿಸಿದರೆ, ಅವರ ಮೇಲೊಂದು ದೂರಿನ ವಿಚಾರಣೆ ಬಾಕಿ ಇದೆಯಂತೆ.

ಮರುದಿನವೇ ಹಾವೇರಿಗೆ ಓಡಿದೆ. ಅಲ್ಲಿಯ ಗುಮಾಸ್ತರು ಫೈಲು ತಿರುವಿ ಕಾಕಾ ಕೊಟ್ಟ ಉತ್ತರ ತೋರಿಸಿದರು. ದೂರು ಮುಟ್ಟಿದ ವಾರವೇ ಬರೆದದ್ದು, ದುಂಡು ಅಕ್ಷರದಲ್ಲಿ ಎರಡೇ ಸಾಲು: "ಗ್ರಾಹಕರು ಕೊಟ್ಟ ವಿಳಾಸ ಸರಿಯಾಗಿದೆ. ತಡವಾದದ್ದು ನನ್ನಿಂದ." ವಿಳಾಸ ತಪ್ಪೆಂದು ಬರೆದಿದ್ದರೆ ಅವರು ಪಾರಾಗುತ್ತಿದ್ದರು. ನನ್ನ ಅರ್ಜಿ ರದ್ದಾಗಿ ಗಡುವು ದಾಟುತ್ತಿತ್ತು. ಕಾಗದ ಸುಳ್ಳು ಹೇಳುತ್ತದೆ ಎನ್ನುತ್ತಿದ್ದ ಮನುಷ್ಯ ನನಗೋಸ್ಕರ ಕಾಗದದ ಮೇಲೆ ಸುಳ್ಳು ಬರೆದಿದ್ದರು.

ಅಲ್ಲೇ ಕುಳಿತು ನಿಜ ಬರೆದುಕೊಟ್ಟು, ನೇರ ಅವರ ಮನೆಗೆ ಹೋಗಿ ತಪ್ಪಾಯಿತೆಂದೆ. ಕಾಕಾ ಒಳಗೆ ಚಹಾ ಕಾಸುತ್ತಿದ್ದ ಹೆಂಡತಿಗೆ, ನಮ್ಮ ಕಾಕುಗೆ, ಕೇಳದಂತೆ ದನಿ ತಗ್ಗಿಸಿದರು. "ನಿಮ್ಮಪ್ಪನ ಅಂಗಡಿ ವಿಳಾಸ ಸುಳ್ಳು ಅಂತ ನಾ ಹ್ಯಾಂಗ ಬರೀಲಿ? ಅಲ್ಲಿ ಮೊದಲ ಫೋನ್ ಹಚ್ಚಿದಾಂವ ನಾನ" ಎಂದು ನಕ್ಕರು. ಹಲ್ಲಿನ ಕಚ್ಚು ಕಂಡಿತು. ಕಾಕು ತಂದಿಟ್ಟ ಚಹಾ ಮುಟ್ಟದೆ ಎದ್ದು ಬಂದೆ.

ವರ್ಷ ಕಾದರೂ ಹಾವೇರಿಯಿಂದ ಉತ್ತರ ಬರಲಿಲ್ಲ. ಸುಗ್ಗಿಯ ದಿನಗಳಲ್ಲಿ ಕಾಕಾ ಎದೆನೋವಿನಿಂದ ತೀರಿಕೊಂಡರು. ಅವರ ಮೇಲೆ ಯಾವ ತಪ್ಪೂ ಇಲ್ಲವೆಂಬ ಪತ್ರ ನನ್ನ ಕೈಸೇರಿದ್ದು ಅದಾದ ಮೂರು ವಾರಕ್ಕೆ. ಸೀದಾ ಲ್ಯಾಬಿಗೇ ಬಂದಿತ್ತು. ಈ ಸಲ ನಾನು ಖರೇ ವಿಳಾಸ ಕೊಟ್ಟಿದ್ದೆ.

ಅದನ್ನು ಹಿಡಿದು ಅವರ ಮನೆಗೆ ಹೋದೆ. ಓದು ಬಾರದ ಕಾಕು ಗೋಡೆಯ ಫೋಟೊದ ಕೆಳಗೆ ನನ್ನನ್ನು ಕೂರಿಸಿ, "ಅವ್ರಿಗೂ ಕೇಳೂವಂಗ ಓದವ್ವಾ" ಎಂದರು. ಓದಿದೆ. ಸೆರಗಿನಿಂದ ಕಣ್ಣೊರೆಸಿಕೊಂಡು ಕಾಕು ಕೇಳಿದರು, "ದೂರು ಕೊಟ್ಟಾಂವ ಯಾರಂತ ಅದರಾಗ ಬರದೈತೇನು? ಅವ್ರು ಸಾಯೂತನಾ ಹೇಳಲಿಲ್ಲ."

ಬರೆದಿತ್ತು. ಮೊದಲ ಸಾಲಿನಲ್ಲೇ ಇತ್ತು. ಅದೊಂದನ್ನು ಬಿಟ್ಟು ಓದಿದ್ದೆ. ಮಡಿಚಿದ ಪತ್ರವನ್ನು ಬಿಡಿಸಿ, ಮೊದಲ ಸಾಲಿನಿಂದ ಮತ್ತೆ ಓದತೊಡಗಿದೆ.